ಕಿಸಾನ್ ಸಮ್ಮಾನ್ ಹಣ ಬಂದಿಲ್ವಾ? ಮೊದಲು ಬ್ಯಾಂಕಿಗೆ ಹೋಗಿ

ಪ್ರಶ್ನೆ: ಪಿಎಂ ಕಿಸಾನ್ ಸ್ಟೇಟಸ್‌ನಲ್ಲಿ ಹಣ ಜಮಾ ಆಗಿದೆ ಅಂತ ಇದೆ. ನನ್ನ ಪಾಸ್‌ಬುಕ್‌ನಲ್ಲಿ ಮೂರು ಕಂತು ಬಂದಿಲ್ಲ. ಹೊಸ ಅರ್ಜಿ ಹಾಕಲಾ?

ಬೇಡ, ದಯವಿಟ್ಟು ಹಾಕಬೇಡಿ. ಈ ಒಂದು ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತೇನೆ.

ನಾಲ್ಕು ತಿಂಗಳಿಗೊಮ್ಮೆ ಬರುವ ಆ 2,000 ರೂಪಾಯಿ ನೀವು ಅರ್ಜಿಯಲ್ಲಿ ಬರೆದ ಖಾತೆ ನಂಬರ್ ನೋಡಿ ಬರುವುದಿಲ್ಲ. ಆಧಾರ್ ನೋಡಿ ಬರುತ್ತದೆ. ಯಾರ ಆಧಾರ್‌ಗೆ ಯಾವ ಬ್ಯಾಂಕ್ ಅನ್ನೋ ಪಟ್ಟಿ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಹತ್ತಿರ ಇರುತ್ತದೆ. ಅದರಲ್ಲಿ ಒಬ್ಬರಿಗೆ ಒಂದೇ ಬ್ಯಾಂಕ್. ಕೊನೆಗೆ ಯಾವುದನ್ನು ಜೋಡಿಸಿದ್ದೀರೋ ಅದಕ್ಕೇ ಹಣ.

ಮೊನ್ನೆ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರ್‌ನಲ್ಲಿ ಪಾಸ್‌ಬುಕ್ ಸುತ್ತಿಕೊಂಡು ಬಂದಿದ್ದರು. ಹಣಕ್ಕಾಗಿ ನಾಲ್ಕು ಸಲ ಎಂಟ್ರಿ ಹಾಕಿಸಿದ್ದರು. ನೋಡಿದರೆ, ಸಂತೆಯಲ್ಲಿ ಹೊಸ ಸಿಮ್ ತಗೊಂಡ ದಿನ ಸಿಮ್ ಮಾರಿದವರು ಹೆಬ್ಬೆಟ್ಟು ಒತ್ತಿಸಿಕೊಂಡು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದುಬಿಟ್ಟಿದ್ದಾರೆ. ಅಜ್ಜಿ ಆ ಬ್ಯಾಂಕಿನ ಹೆಸರೇ ಕೇಳಿರಲಿಲ್ಲ. ನಾಲ್ಕು ಕಂತಿನ 8,000 ರೂಪಾಯಿ ಅಲ್ಲೇ ಇತ್ತು. ಅದೇ ಹೆಬ್ಬೆಟ್ಟು ಒತ್ತಿ ತೆಗೆದುಕೊಂಡರು.

ನೀವೂ ಮೈ ಆಧಾರ್ ವೆಬ್‌ಸೈಟ್‌ನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿ. ಬೇರೆ ಬ್ಯಾಂಕ್ ಹೆಸರು ಬಂದರೆ ನಿಮ್ಮ ಬ್ಯಾಂಕಿಗೆ ಹೋಗಿ. ಅಲ್ಲಿ ಸುಮ್ನೆ ‘ಆಧಾರ್ ಲಿಂಕ್ ಮಾಡಿ’ ಅನ್ನಬೇಡಿ. ಕೌಂಟರಿನವರು ‘ಆಗಿದೆಯಲ್ಲ’ ಅಂತ ವಾಪಸ್ ಕಳಿಸುತ್ತಾರೆ. ಖಾತೆಗೆ ಆಧಾರ್ ಲಿಂಕ್ ಇರುವುದೇ ಬೇರೆ, ಎನ್‌ಪಿಸಿಐ ಪಟ್ಟಿಯಲ್ಲಿ ಆ ಬ್ಯಾಂಕ್ ಇರುವುದೇ ಬೇರೆ. ‘ಡಿಬಿಟಿಗೆ (ಸರ್ಕಾರದ ಹಣ ನೇರ ಖಾತೆಗೆ ಬರಲು) ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ’ ಅಂತ ಬಾಯಿಬಿಟ್ಟು ಕೇಳಿ. ಒಪ್ಪಿಗೆ ಫಾರಂ ಕೊಡಿ, ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ. ನಾನಾದರೆ ವಾರ ಬಿಟ್ಟು ಸ್ಟೇಟಸ್ ಇನ್ನೊಮ್ಮೆ ನೋಡುತ್ತೇನೆ.

ಜಮಾ ಅಂತ ತೋರಿಸಿದರೆ ಮಾತ್ರ ಈ ಮಾತು. ಪಿಎಂ ಕಿಸಾನ್ ಸ್ಟೇಟಸ್‌ನಲ್ಲಿ ಲ್ಯಾಂಡ್ ಸೀಡಿಂಗ್ (ಜಮೀನಿನ ದಾಖಲೆ ಜೋಡಣೆ) ‘ನೋ’ ಅಂತಿದ್ದರೆ ರೈತ ಸಂಪರ್ಕ ಕೇಂದ್ರಕ್ಕೇ ಬನ್ನಿ.

ಪ್ರಶ್ನೆ: ನಿಂತ ಕಂತು ಬಿಡಿಸಿಕೊಡ್ತೀನಿ ಅಂತ ಒಬ್ಬರು 1,500 ಕೇಳ್ತಿದ್ದಾರೆ.

ಒಂದು ರೂಪಾಯಿಯೂ ಕೊಡಬೇಡಿ. ಕಂತು ಬಿಡಿಸುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ಬಡವರ ಗಾಬರಿಯೇ ಇವರ ದಂಧೆ. ವಾಟ್ಸಾಪ್‌ನಲ್ಲಿ ‘ಪಿಎಂ ಕಿಸಾನ್’ ಹೆಸರಿನ ಎಪಿಕೆ ಫೈಲ್ (ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಲೇಬೇಡಿ, ಖಾತೆಯೇ ಖಾಲಿಯಾದೀತು.

ಪ್ರಶ್ನೆ: ಅಪ್ಪ ತೀರಿಕೊಂಡಿದ್ದಾರೆ. ಅವರ ಖಾತೆಗೆ ಈಗಲೂ ಹಣ ಬರ್ತಿದೆ. ತೆಗೀಬಹುದಾ?

ತೆಗೆಯಬೇಡಿ, ಮುಂದೆ ವಾಪಸ್ ಕಟ್ಟಬೇಕಾಗುತ್ತದೆ. ಸಾವಿನ ವಿಷಯ ಕೃಷಿ ಇಲಾಖೆಗೆ ತಿಳಿಸಿ, ಪೌತಿ ಖಾತೆ ಮಾಡಿಸಿ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿ. 2019ರ ಫೆಬ್ರವರಿ 1ರ ನಂತರ ಜಮೀನು ಕೊಂಡವರಿಗೆ ಈ ಹಣ ಇಲ್ಲ. ಆದರೆ ತೀರಿಕೊಂಡವರಿಂದ ವಾರಸುದಾರರಿಗೆ ಬಂದ ಜಮೀನಿಗೆ ಆ ತಡೆ ಇಲ್ಲ. ಆಮೇಲೆ ನಿಮ್ಮ ಹೆಸರಲ್ಲೇ ಅರ್ಜಿ ಹಾಕಿ.

ಪ್ರಶ್ನೆ: ಗುತ್ತಿಗೆಗೆ ಹೊಲ ಮಾಡ್ತೀನಿ. ನನಗೆ ಸಿಗುತ್ತಾ?

ಇಲ್ಲ. ಪಹಣಿ ಯಾರ ಹೆಸರಲ್ಲಿದೆಯೋ ಅವರಿಗೆ. ಬೆವರು ಸುರಿಸುವವರಿಗೆ ಇದು ಅನ್ಯಾಯ ಅಂತ ನನಗೂ ಅನ್ನಿಸುತ್ತದೆ.

ಪ್ರಶ್ನೆ: ಪಕ್ಕದ ಹೊಲಕ್ಕೆ ಬೆಳೆ ಪರಿಹಾರ ಬಂತು, ನನಗಿಲ್ಲ.

ನಿಮ್ಮ ಫ್ರೂಟ್ಸ್ ಐಡಿಯಲ್ಲಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಆ ಹೊಲದ ಸರ್ವೆ ನಂಬರ್ ಸೇರಿದೆಯಾ, ಮೊದಲು ಅದನ್ನು ನೋಡಿ.