ಹೊರಗೆ ಕೆಂಪು, ಒಳಗೆ ಕಂದು

ಪ್ರಶ್ನೆ: ಮೇ ತಿಂಗಳಲ್ಲಿ ಮಡಿಕೇರಿ ಸಂತೆಯಿಂದ ಕಾಶ್ಮೀರದ ಸೇಬು ತಂದೆ. ಹೊರಗೆ ಫಳಫಳ, ಕೊಯ್ದರೆ ಬೀಜದ ಸುತ್ತ ಕಂದು. ಹುಳವೂ ಇಲ್ಲ. ಯಾಕೆ?

ಉತ್ತರ: ಅಂಗಡಿಯವರನ್ನು ಸುಮ್ನೆ ಬೈಯಬೇಡಿ, ಅವರಿಗೂ ಹೊರಗಿನಿಂದ ಕಾಣಲ್ಲ. ಅಕ್ಟೋಬರ್ ಹೊತ್ತಿಗೆ ಕೊಯ್ದ ಹಣ್ಣು ಮೇ ತನಕ ಉಳಿಯಬೇಕಾದರೆ ಕೋಲ್ಡ್ ಸ್ಟೋರೇಜ್ ಬೇಕು, ಅದೂ ಗಾಳಿಯ ಶೇ. 21ರಷ್ಟು ಆಮ್ಲಜನಕವನ್ನು ಶೇ. 1ರಿಂದ 3ಕ್ಕೆ ಇಳಿಸಿದ, ಬಿಗಿಯಾಗಿ ಮುಚ್ಚಿದ ಕೋಣೆ. ಹಣ್ಣು ಅಲ್ಲೂ ಉಸಿರಾಡುತ್ತದೆ, ಅಲ್ವಾ? ಅದು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ತಿರುಳು ಒಳಗೇ ಕಂದಾಗುತ್ತದೆ. ತೀರಾ ಬಲಿತ ಮೇಲೆ ಕೊಯ್ದರೂ, ಕೆಲವು ತಳಿಗೆ ಚಳಿ ಜಾಸ್ತಿಯಾದರೂ ಅಷ್ಟೇ. ಬೂಷ್ಟು, ಹುಳಿ ವಾಸನೆ ಇದ್ದರೆ ಎಸೆಯಿರಿ. ಇಲ್ಲದಿದ್ದರೆ ಕಂದು ಭಾಗ ಕೆತ್ತಿ ತಿನ್ನಿ. ನಮ್ಮೂರು ಹೇಗೂ ತಂಪು ಅಂತ ಬುಟ್ಟಿಯಲ್ಲೇ ಬಿಡಬೇಡಿ, ಫ್ರಿಜ್ಜಿನಲ್ಲಿಡಿ. ಪಕ್ಕದಲ್ಲಿ ಸೊಪ್ಪು ಮಾತ್ರ ಬೇಡ, ಸೇಬು ಬಿಡುವ, ಹಣ್ಣು ಮಾಗಿಸುವ ಅನಿಲವಾದ ಎಥಿಲೀನ್‌ಗೆ ಬೇಗ ಹಳದಿಯಾಗುತ್ತದೆ.