ಮನೆಗೆ ಬೀಗ ಬಿದ್ದರೂ ಜಿಲ್ಲೆಯ ಜನಸಂಖ್ಯೆ ಏರಿದ್ದು ಹೇಗೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಪಂಚಾಯಿತಿ. ಕೇರಿಗೆ ಎರಡು ಮೂರು ಮನೆಗೆ ಬೀಗ, ಶಾಲೆಯಲ್ಲಿ ಮಕ್ಕಳಿಲ್ಲ. ಆದರೆ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ ಏರಿದೆ. ಯಾವುದನ್ನು ನಂಬುವುದು? ನಮ್ಮೂರಿನ ಲೆಕ್ಕವನ್ನು ನಾವೇ ಹಾಕಿಕೊಳ್ಳಬಹುದೇ?

ಉತ್ತರ: ಎರಡನ್ನೂ ನಂಬಬಹುದು. ಶಿವಮೊಗ್ಗ ಜಿಲ್ಲೆಯಲ್ಲಿ 2001ರಲ್ಲಿ 16,42,545 ಜನರಿದ್ದರು, 2011ರಲ್ಲಿ 17,52,753. ಹತ್ತು ವರ್ಷಕ್ಕೆ ಶೇ 6.71ರ ಏರಿಕೆ. ಅದೇ ಅವಧಿಯಲ್ಲಿ ಇಡೀ ರಾಜ್ಯ ಶೇ 15.6ರಷ್ಟು ಬೆಳೆಯಿತು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಂತೂ ಜನಸಂಖ್ಯೆ ಸುಮಾರು 3 ಸಾವಿರದಷ್ಟು ಇಳಿಯಿತು. ಜಿಲ್ಲೆಯ ಸರಾಸರಿಯೊಳಗೆ ಶಿವಮೊಗ್ಗ ನಗರವೂ ಇದೆ, ನಿಮ್ಮ ಒಂಟಿ ಮನೆಗಳ ಊರೂ ಇದೆ. ಒಂದರ ಏರಿಕೆ ಇನ್ನೊಂದರ ಇಳಿಕೆಯನ್ನು ಮುಚ್ಚಿಬಿಡುತ್ತದೆ.

ಊರಿನ ಲೆಕ್ಕಕ್ಕೆ ಒಂದೇ ಸೂತ್ರ ಸಾಕು: ಹಳೆಯ ಜನಸಂಖ್ಯೆಗೆ ಹುಟ್ಟಿದವರನ್ನೂ ಬಂದು ನೆಲೆಸಿದವರನ್ನೂ ಕೂಡಿಸಿ, ಸತ್ತವರನ್ನೂ ಊರು ಬಿಟ್ಟವರನ್ನೂ ಕಳೆದರೆ ಇಂದಿನ ಜನಸಂಖ್ಯೆ. ಊರು ಬಿಟ್ಟವರ ದಾಖಲೆ ಎಲ್ಲೂ ಇರುವುದಿಲ್ಲ, ಹಾಗಾಗಿ ಆ ಸಂಖ್ಯೆಯನ್ನು ಉಳಿದ ಸಂಖ್ಯೆಗಳಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ ಕಂಡುಹಿಡಿಯಬೇಕು. ಉದಾಹರಣೆಗೆ ಒಂದು ಪಂಚಾಯಿತಿಯಲ್ಲಿ 2011ರಲ್ಲಿ 4,200 ಜನ ಎಂದುಕೊಳ್ಳಿ. ಅಲ್ಲಿಂದೀಚೆಗೆ 560 ಹುಟ್ಟು, 430 ಸಾವು. ಯಾರೂ ಬರದೆ, ಯಾರೂ ಹೋಗದೆ ಇದ್ದಿದ್ದರೆ ಈಗ 4,330 ಇರಬೇಕಿತ್ತು. ಎಣಿಸಿದರೆ ಸಿಕ್ಕಿದ್ದು 3,900. ಬಂದವರನ್ನು ಕಳೆದು ಹೊರಹೋದವರ ನಿವ್ವಳ ಸಂಖ್ಯೆ 430. ಇಲ್ಲಿ ಹುಟ್ಟು ಸಾವಿಗಿಂತ ಹೆಚ್ಚೇ ಇದೆ, ಆದರೂ ಊರು ಖಾಲಿಯಾಗಿದೆ ಎಂಬುದನ್ನು ಗಮನಿಸಿ.

ಲೆಕ್ಕ ಕೆಡುವುದು ಸಾಮಾನ್ಯವಾಗಿ ಹುಟ್ಟು-ಸಾವಿನ ಕಾಲಮ್ಮಿನಲ್ಲಿ. ಜನನ ಮರಣ ನೋಂದಣಿ ಆಗುವುದು ಘಟನೆ ನಡೆದ ಜಾಗದಲ್ಲಿ, ಮನೆ ಇರುವ ಜಾಗದಲ್ಲಲ್ಲ. ಹೆರಿಗೆ ಶಿವಮೊಗ್ಗದ ಆಸ್ಪತ್ರೆಯಲ್ಲಾದರೆ ಮಗುವಿನ ಹೆಸರು ನಿಮ್ಮ ಪಂಚಾಯಿತಿಯ ಪುಸ್ತಕಕ್ಕೆ ಬರುವುದಿಲ್ಲ. ಮಣಿಪಾಲದಲ್ಲಿ ತೀರಿಕೊಂಡವರದೂ ಅಷ್ಟೇ. ಮೊದಲ ಬಾಣಂತನಕ್ಕೆ ತವರಿಗೆ ಹೋಗುವ ರೂಢಿ ಇದಕ್ಕೆ ಇನ್ನಷ್ಟು ಗೊಂದಲ ಸೇರಿಸುತ್ತದೆ: ನಿಮ್ಮೂರ ಮಗಳು ಹೆತ್ತ ಕೂಸು ಅವಳ ಗಂಡನ ಊರಿನ ಲೆಕ್ಕಕ್ಕೆ ಸೇರಬೇಕು, ನಿಮ್ಮೂರ ಸೊಸೆ ಹೆತ್ತದ್ದು ನಿಮ್ಮ ಲೆಕ್ಕಕ್ಕೆ. ಆದ್ದರಿಂದ ನೋಂದಣಿ ಪುಸ್ತಕವೊಂದನ್ನೇ ನಂಬದೆ ಆಶಾ ಕಾರ್ಯಕರ್ತೆಯರ ಮತ್ತು ಅಂಗನವಾಡಿಯ ಪುಸ್ತಕದ ಜೊತೆ ತಾಳೆ ನೋಡಿ.

ಇಂದಿನ ಜನಸಂಖ್ಯೆಗೆ ಮತದಾರರ ಪಟ್ಟಿಯನ್ನಾಗಲಿ ರೇಷನ್ ಕಾರ್ಡನ್ನಾಗಲಿ ಆಧಾರ ಮಾಡಿಕೊಳ್ಳಬೇಡಿ. ಬೆಂಗಳೂರು ಸೇರಿ ಹತ್ತು ವರ್ಷವಾದವರ ಹೆಸರೂ ಅಲ್ಲಿ ಉಳಿದಿರುತ್ತದೆ. ಮನೆಮನೆಗೆ ಹೋಗಿ, ಒಂದೇ ನಿಯಮ ಇಟ್ಟುಕೊಳ್ಳಿ: ಕಳೆದ ಆರು ತಿಂಗಳು ಇಲ್ಲೇ ಇದ್ದವರು, ಇಲ್ಲವೇ ಇನ್ನು ಆರು ತಿಂಗಳು ಇಲ್ಲೇ ಇರುವವರು ಮಾತ್ರ ಊರಿನವರು. ಹಾಸ್ಟೆಲಿನಲ್ಲಿ ಓದುವ ಮಗನನ್ನು ಮನೆಯವರು ಖಂಡಿತ ಸೇರಿಸಿ ಹೇಳುತ್ತಾರೆ, ಬಿಡಿಸಿ ಕೇಳಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಎಣಿಕೆ ಇಟ್ಟುಕೊಳ್ಳಬೇಡಿ, ಸುಲಿಯಲು ಬಂದವರೂ ಲೆಕ್ಕಕ್ಕೆ ಸೇರಿಹೋಗುತ್ತಾರೆ.

ವಯಸ್ಸು ಕೇಳಿದರೆ ಹಿರಿಯರು 60, 65, 70 ಎಂದು ದುಂಡು ಸಂಖ್ಯೆ ಹೇಳುತ್ತಾರೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ (1964) ಶಾಲೆಗೆ ಹೋಗುತ್ತಿದ್ದಿರಾ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ (1973) ಮದುವೆಯಾಗಿತ್ತೇ ಎಂದು ಕೇಳಿ. ತಪ್ಪು ಎರಡು ಮೂರು ವರ್ಷದೊಳಗೆ ನಿಲ್ಲುತ್ತದೆ.

ಬಂದ ವಯಸ್ಸುಗಳನ್ನು ಐದೈದು ವರ್ಷದ ಗುಂಪು ಮಾಡಿ, ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು ಎಂದು ಅಡ್ಡಪಟ್ಟಿ ಎಳೆಯಿರಿ. ಇದೇ ವಯೋಪಿರಮಿಡ್. ವಲಸೆ ಹೋದ ಊರಿನಲ್ಲಿ 20ರಿಂದ 34ರ ಪಟ್ಟಿಗಳು, ಮುಖ್ಯವಾಗಿ ಗಂಡಸರ ಕಡೆ, ಒಳಕ್ಕೆ ಕಚ್ಚಿದಂತಿರುತ್ತವೆ. ತಾಯ್ತಂದೆಯಾಗುವ ವಯಸ್ಸಿನವರೇ ಇಲ್ಲದಿದ್ದರೆ ಬುಡದ ಪಟ್ಟಿಯೂ ಸಣ್ಣದಾಗುತ್ತದೆ. ಶಾಲೆ ಖಾಲಿಯಾಗಲು ಇದು ಒಂದು ಕಾರಣ. ಇನ್ನೊಂದು ಕಾರಣ ರಾಜ್ಯಕ್ಕೆಲ್ಲ ಸಾಮಾನ್ಯ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರಿನ ಜಾಗವನ್ನು ಇನ್ನೊಂದು ತುಂಬಲು ಸುಮಾರು 2.1 ಬೇಕು.

ಪಿರಮಿಡ್ಡಿಗಿಂತ ಪಂಚಾಯಿತಿ ಸಭೆಯಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಅವಲಂಬನಾ ಅನುಪಾತ, ಅಂದರೆ ದುಡಿಯುವ ವಯಸ್ಸಿನ ನೂರು ಜನರಿಗೆ ಎಷ್ಟು ಮಕ್ಕಳು, ಮುದುಕರು ಎಂಬ ಲೆಕ್ಕ. 300 ಜನರ ಊರಿನಲ್ಲಿ 15ಕ್ಕಿಂತ ಕೆಳಗಿನವರು 54, 60 ದಾಟಿದವರು 66, ನಡುವಿನವರು 180 ಎಂದರೆ, 120ನ್ನು 180ರಿಂದ ಭಾಗಿಸಿ 100ರಿಂದ ಗುಣಿಸಿ: ಸುಮಾರು 67. ಮುದುಕರದ್ದೇ ಬೇರೆ ತೆಗೆದರೆ 37, ಮಕ್ಕಳದ್ದು 30. ಇಂಥ ಊರು ಹೊಸ ಶಾಲಾ ಕೊಠಡಿಗಿಂತ ಮೊದಲು ಬಿ.ಪಿ., ಶುಗರ್ ಮಾತ್ರೆ ಮನೆಬಾಗಿಲಿಗೆ ಬರುವ ವ್ಯವಸ್ಥೆ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಒಂದು ವರ್ಷದ ದರ ಹಿಡಿದು ವಾದಕ್ಕೆ ಇಳಿಯಬೇಡಿ. 300 ಜನರಲ್ಲಿ ಈ ವರ್ಷ 3 ಹುಟ್ಟಿದರೆ ಜನನ ದರ ಸಾವಿರಕ್ಕೆ 10, ಮುಂದಿನ ವರ್ಷ 5 ಹುಟ್ಟಿದರೆ 16.7. ಎರಡು ಕೂಸು ಹೆಚ್ಚಾಗಿದ್ದಷ್ಟೇ. ಐದು ವರ್ಷದ ಸರಾಸರಿ ತೆಗೆಯಿರಿ. ಮುಂದಿನ ಜನಗಣತಿಯ ಆಧಾರ ದಿನ, ಅಂದರೆ ಯಾವ ದಿನದ ಜನಸಂಖ್ಯೆ ಎಂದು ಲೆಕ್ಕ ಹಿಡಿಯುತ್ತಾರೋ ಆ ದಿನ, 2027ರ ಮಾರ್ಚ್ 1. ನಿಮ್ಮ ಎಣಿಕೆ ಅದರ ಆಸುಪಾಸಿಗೆ ಬಂದರೆ ಹೋಲಿಸಲು ಸುಲಭ.

ಪ್ರಶ್ನೆ: ಜಿಲ್ಲೆಯ ಜನಸಾಂದ್ರತೆ ಚದರ ಕಿ.ಮೀ.ಗೆ 207 ಎಂದು ಓದಿದೆ. ನಮ್ಮ ಕಡೆ ಹಾಗೆ ಕಾಣುವುದಿಲ್ಲವಲ್ಲ?

ಉತ್ತರ: ಅದು ಒಟ್ಟು ಜನರನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸಿದ್ದು. ಆ ವಿಸ್ತೀರ್ಣದಲ್ಲಿ ಕಾಡು, ಶರಾವತಿ ಹಿನ್ನೀರು ಎಲ್ಲವೂ ಸೇರಿವೆ. ಸಾಗುವಳಿ ಭೂಮಿಯಿಂದ ಮಾತ್ರ ಭಾಗಿಸಿದರೆ ಅಂಕಿ ಬಹಳ ಮೇಲೇರುತ್ತದೆ. ಮಲೆನಾಡಿನಲ್ಲಿ ನೆಲದ ಮೇಲಿನ ಒತ್ತಡ ತಿಳಿಯಲು ಆ ಎರಡನೆಯದೇ ಸರಿ.

ಪ್ರಶ್ನೆ: ಚಿಕ್ಕಮಗಳೂರು, ಕೊಡಗಿನಲ್ಲಿ ಸಾವಿರ ಗಂಡಸರಿಗೆ ಸಾವಿರಕ್ಕೂ ಹೆಚ್ಚು ಹೆಂಗಸರಿದ್ದಾರೆ. ಅಲ್ಲಿ ಹೆಣ್ಣುಮಕ್ಕಳ ಸ್ಥಿತಿ ಚೆನ್ನಾಗಿದೆ ಎಂದು ಅರ್ಥವೇ?

ಉತ್ತರ: ಅಷ್ಟರಿಂದಲೇ ಹಾಗೆ ಹೇಳಲಾಗದು. 2011ರಲ್ಲಿ ಚಿಕ್ಕಮಗಳೂರಿನ ಲಿಂಗಾನುಪಾತ 1008, ಕೊಡಗಿನದು 1019, ಶಿವಮೊಗ್ಗದ್ದು 998, ರಾಜ್ಯದ್ದು 973. ಬೆಂಗಳೂರು ನಗರ ಜಿಲ್ಲೆಯದು 916. ದುಡಿಯಲು ಹೋದ ಗಂಡಸರನ್ನು ಎಣಿಸುವುದು ಅವರು ಹೋದಲ್ಲೇ. ಜೊತೆಗೆ ಹೆಂಗಸರ ಆಯುಸ್ಸು ಹೆಚ್ಚು, ಹಾಗಾಗಿ ವಯಸ್ಸಾದವರು ಹೆಚ್ಚಿರುವ ಊರಿನಲ್ಲಿ ಅನುಪಾತ ತಾನಾಗಿಯೇ ಮೇಲೇರುತ್ತದೆ. ಹೆಣ್ಣುಕೂಸಿನ ಬಗ್ಗೆ ತಿಳಿಯಬೇಕಾದರೆ 6 ವರ್ಷದೊಳಗಿನ ಮಕ್ಕಳ ಅನುಪಾತ ನೋಡಿ. ಸಹಜವಾಗಿ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ, ಅಂದರೆ ಸಾವಿರ ಗಂಡಿಗೆ 950ರ ಆಸುಪಾಸು ಹೆಣ್ಣು. ಅದಕ್ಕಿಂತ ಬಹಳ ಕೆಳಗಿದ್ದರೆ, ಮತ್ತು ವರ್ಷ ವರ್ಷವೂ ಹಾಗೇ ಇದ್ದರೆ, ಅಲ್ಲಿ ವಿಚಾರಿಸಬೇಕು.