ಪುಣೆ–ಮುಂಬೈ ಓಡಾಟಕ್ಕೆ 1.0, 1.2, 1.5 ಲೀಟರ್ ಎಂಜಿನ್: ಮೈಲೇಜ್ ಯಾವುದಕ್ಕೆ ಹೆಚ್ಚು, ಎಷ್ಟು ಸ್ಪೀಡಿನಲ್ಲಿ?

ಪುಣೆಯ ವಾಕಡ್‌ನಲ್ಲಿ ಮನೆ, ದಿನಾ ಹಿಂಜವಡಿಗೆ ಆಫೀಸು, ತಿಂಗಳಿಗೆರಡು ಸಲ ಮುಂಬೈ, ವರ್ಷಕ್ಕೆ ಮೂರ್ನಾಲ್ಕು ಸಲ ಹುಬ್ಬಳ್ಳಿ ಅಂದಿದ್ದೀರಿ. ಎಂಜಿನ್ ಸಣ್ಣದಾದಷ್ಟೂ ಮೈಲೇಜ್ ಹೆಚ್ಚಲ್ಲವೇ, 100ರ ಬದಲು 80ರಲ್ಲಿ ಹೋದರೆ ನಿಜಕ್ಕೂ ಉಳಿಯುತ್ತದಾ ಅಂತ ಕೇಳಿದ್ದೀರಿ. ಚಿಕ್ಕದಾಗಿ ಹೇಳುವುದಾದರೆ ಊರೊಳಗೆ ಪೆಟ್ರೋಲ್ ತಿನ್ನುವುದು ಎಂಜಿನ್ ಸೈಜು, ಹೈವೇಯಲ್ಲಿ ತಿನ್ನುವುದು ಸ್ಪೀಡು. ಹೆಚ್ಚಿನವರು ಇದನ್ನು ತಿರುಗಾಮುರುಗಾ ತಿಳಿದುಕೊಂಡು ಕಾರು ಕೊಳ್ಳುತ್ತಾರೆ.

ಮೊದಲು ಸ್ಪೀಡಿನ ಲೆಕ್ಕ. ಇಬ್ಬರು ಕೂತ ಮಾಮೂಲಿ ಹ್ಯಾಚ್‌ಬ್ಯಾಕ್, ಒಟ್ಟು 1200 ಕೆ.ಜಿ. ಅಂದುಕೊಳ್ಳಿ. ಟೈರು ಉರುಳುವಾಗ ಆಗುವ ತಡೆ ಸುಮಾರು 12 ಕೆ.ಜಿ. ತೂಕದಷ್ಟು, ಅದು ಸ್ಪೀಡಿನ ಜೊತೆ ಹೆಚ್ಚೇನೂ ಏರುವುದಿಲ್ಲ. ಗಾಳಿಯ ತಡೆ ಹಾಗಲ್ಲ, ಸ್ಪೀಡಿನ ವರ್ಗದಂತೆ ಏರುತ್ತದೆ. 50ರಲ್ಲಿ 8 ಕೆ.ಜಿ. ಇದ್ದದ್ದು 80ರಲ್ಲಿ 21, 100ರಲ್ಲಿ 33, 120ರಲ್ಲಿ 48 ಕೆ.ಜಿ. ಟೈರಿನದ್ದೂ ಸೇರಿಸಿದರೆ 80ರಲ್ಲಿ 33, 100ರಲ್ಲಿ 45, 120ರಲ್ಲಿ 60. ಅಂದರೆ ಅದೇ ಒಂದು ಕಿಲೋಮೀಟರ್ ಎಳೆಯಲು 80ಕ್ಕಿಂತ 120ರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕೆಲಸ.

ಪೆಟ್ರೋಲ್ ಮಾತ್ರ ಅಷ್ಟು ಏರುವುದಿಲ್ಲ. ಕೆಲಸ ಹೆಚ್ಚಾದಂತೆ ಎಂಜಿನ್ ತನ್ನ ಪೆಟ್ರೋಲನ್ನು ಸ್ವಲ್ಪ ಚೆನ್ನಾಗಿ ಬಳಸುತ್ತದೆ. ಹಾಗಾಗಿ ಸಪಾಟು ರಸ್ತೆಯಲ್ಲಿ 80ಕ್ಕೆ ಲೀಟರಿಗೆ 22 ಕೊಡುವ ಕಾರು 100ಕ್ಕೆ 18ರ ಆಸುಪಾಸು, 120ಕ್ಕೆ 15ರ ಆಸುಪಾಸು ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇ 94.5 ಕಿ.ಮೀ. ಪೂರ್ತಿ ಒಂದೇ ಸ್ಪೀಡು ಸಿಕ್ಕಿತೆಂದರೂ 80ಕ್ಕೆ 71 ನಿಮಿಷ, 100ಕ್ಕೆ 57 ನಿಮಿಷ. ಆ 14 ನಿಮಿಷಕ್ಕೆ ನೀವು ಕೊಡುವುದು ಮುಕ್ಕಾಲರಿಂದ ಒಂದು ಲೀಟರ್. ಅದು ದುಬಾರಿಯೋ ಅಗ್ಗವೋ ನಿಮಗೆ ಬಿಟ್ಟದ್ದು. 100ರಿಂದ 120ಕ್ಕೆ ಹೋದರೆ ಮಾತ್ರ ಹತ್ತೇ ನಿಮಿಷಕ್ಕೆ ಇನ್ನೊಂದು ಲೀಟರ್ ಕೈಬಿಡುತ್ತದೆ. ಅಲ್ಲಿ ಕಾರಿನ ಮಿತಿಯೇ 100, ಮೇಲೆ ಕ್ಯಾಮೆರಾಗಳಿವೆ. ಚಲನ್ ಸೇರಿಸಿದರೆ ಮೈಲೇಜ್ ಮಾತೇ ಬೇಡ.

ಹಾಗಾದರೆ 40ರಲ್ಲಿ ಹೋದರೆ ಇನ್ನೂ ಉಳಿಯಬೇಕಲ್ಲ? ಇಲ್ಲ. ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು, ಎಸಿ ಓಡಿಸಲು ಗಂಟೆಗಿಷ್ಟು ಅಂತ ಪೆಟ್ರೋಲ್ ಸುಡುತ್ತಲೇ ಇರುತ್ತದೆ. ನಿಧಾನವಾದಷ್ಟೂ ಆ ಖರ್ಚು ಪ್ರತಿ ಕಿಲೋಮೀಟರಿಗೆ ಹೆಚ್ಚು ಬೀಳುತ್ತದೆ. ಟಾಪ್ ಗೇರಿನಲ್ಲಿ ಎಂಜಿನ್ ಗುದ್ದಾಡದೆ ಓಡುವ 55ರಿಂದ 75ರ ನಡುವೆ ಸಾಮಾನ್ಯವಾಗಿ ಮೈಲೇಜ್ ಅತಿ ಹೆಚ್ಚು. ಆದರೆ ಎಕ್ಸ್‌ಪ್ರೆಸ್‌ವೇಯ ಸಪಾಟಿನಲ್ಲಿ 60ರಲ್ಲಿ ತೆವಳಿದರೆ ಹಿಂದಿನಿಂದ ಬರುವವನಿಗೆ ಅಡ್ಡ. 80–90 ಸರಿಯಾದ ರಾಜಿ. ಸ್ಪೀಡೋಮೀಟರು ಯಾವಾಗಲೂ ಸ್ವಲ್ಪ ಹೆಚ್ಚೇ ತೋರಿಸುತ್ತದೆ ಅನ್ನುವುದೂ ನೆನಪಿರಲಿ. ಮುಳ್ಳು 100 ಅಂದಾಗ ಜಿಪಿಎಸ್‌ನಲ್ಲಿ 95 ಆಸುಪಾಸು ಇರುವುದು ಮಾಮೂಲು.

ಇನ್ನು ಘಾಟ್, ಅಂದರೆ ದಾರಿಯಲ್ಲಿ ಸಿಗುವ ಬೋರ್ ಘಾಟ್. ಖೋಪೋಲಿಯಿಂದ ಲೋಣಾವಳಕ್ಕೆ ಸುಮಾರು 550 ಮೀಟರ್ ಏರು. 1200 ಕೆ.ಜಿ.ಯನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಅರ್ಧದಿಂದ ಮುಕ್ಕಾಲು ಲೀಟರ್ ಹೆಚ್ಚುವರಿ ಬೇಕು, ಯಾವ ಸಿಸಿ ಆದರೂ ಸರಿ. ಇಳಿಯುವಾಗ ಅದರಲ್ಲಿ ಒಂದು ಪಾಲು ಮಾತ್ರ ವಾಪಸ್ ಬರುತ್ತದೆ, ಅದೂ ನೀವು ಗೇರಿನಲ್ಲೇ ಇಳಿದರೆ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಇಂಜೆಕ್ಟರು ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ಪೆಟ್ರೋಲ್ ಸುಡಲೇಬೇಕು. ನ್ಯೂಟ್ರಲ್‌ನಲ್ಲಿ ಇಳಿದರೆ ಉಳಿತಾಯ ಅನ್ನುವುದು ಕಾರ್ಬ್ಯುರೇಟರ್ ಕಾಲದ ಮಾತು, ಬೋರ್ ಘಾಟಿನಲ್ಲಿ ಮಾಡಿದರೆ ಬ್ರೇಕು ಕಾದು ಹಿಡಿತವೇ ಹೋಗುತ್ತದೆ. ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಮೇಲಿರುವುದರಿಂದ ಮುಂಬೈಗೆ ಹೋಗುವಾಗ ಮೈಲೇಜ್ ಚೆನ್ನಾಗಿಯೂ ಬರುವಾಗ ಕೆಟ್ಟದಾಗಿಯೂ ಕಾಣುತ್ತದೆ. ಹೋಗಿಬರುವ ಲೆಕ್ಕ ಹಿಡಿಯದೆ ಯಾರಾದರೂ ಎಕ್ಸ್‌ಪ್ರೆಸ್‌ವೇ ಮೈಲೇಜ್ ಹೇಳಿದರೆ ನಂಬಬೇಡಿ.

ಎಂಜಿನ್ ಸೈಜಿನ ವಿಷಯ. ಮೇಲಿನ ಕಾರಿಗೆ 80ರಲ್ಲಿ ಓಡಲು ಬೇಕಾದದ್ದು ಸುಮಾರು 10 ಹಾರ್ಸ್‌ಪವರ್, 100ರಲ್ಲಿ 16–17. ಎಂಜಿನಿನ ತಾಕತ್ತು 70 ಇರಲಿ, 115 ಇರಲಿ, ಕೆಲಸ ಅಷ್ಟೇ. ಪೆಟ್ರೋಲ್ ಎಂಜಿನಿಗೆ ಕಡಿಮೆ ಕೆಲಸ ಕೊಟ್ಟಾಗ ಥ್ರಾಟಲ್, ಅಂದರೆ ಗಾಳಿ ಒಳಬಿಡುವ ಬಾಗಿಲು, ಬಹುಪಾಲು ಮುಚ್ಚಿರುತ್ತದೆ. ಪಿಸ್ಟನ್‌ಗಳು ಮೂಗು ಅರ್ಧ ಹಿಡಿದುಕೊಂಡು ಉಸಿರೆಳೆದ ಹಾಗೆ ಗಾಳಿ ಎಳೆಯಬೇಕು. ದೊಡ್ಡ ಎಂಜಿನಿನಲ್ಲಿ ಈ ನಷ್ಟವೂ ಹೆಚ್ಚು, ಒಳಗಿನ ತಿಕ್ಕಾಟವೂ ಹೆಚ್ಚು. ಟ್ರಾಫಿಕ್‌ನಲ್ಲಿ ಇದು ಎದ್ದು ಕಾಣುತ್ತದೆ. ನಿಂತಲ್ಲಿ ಓಡುತ್ತಿರುವ ಎಂಜಿನ್ ಎಸಿ ಇಲ್ಲದೆ ಲೀಟರ್ ಸೈಜಿಗೆ ಗಂಟೆಗೆ 0.6 ಲೀಟರಿನಂತೆ ಸುಡುತ್ತದೆ ಅನ್ನುವುದು ಒರಟು ಲೆಕ್ಕ: 1.0ಕ್ಕೆ 0.6, 1.5ಕ್ಕೆ 0.9. ಹಿಂಜವಡಿ ಐಟಿ ಪಾರ್ಕಿನ ದಾರಿಯಲ್ಲಿ ದಿನಕ್ಕೆ ಅರ್ಧ ಗಂಟೆ ನಿಂತಿರುವುದು ಸಾಮಾನ್ಯವಲ್ಲವೇ? ತಿಂಗಳಿಗೆ 25 ದಿನ ಹಿಡಿದರೆ ನಿಂತದ್ದಕ್ಕೇ 3–4 ಲೀಟರ್ ವ್ಯತ್ಯಾಸ.

ಹೈವೇಯಲ್ಲಿ ಈ ಅಂತರ ಕುಗ್ಗುತ್ತದೆ. ಕೆಲವೊಮ್ಮೆ ತಲೆಕೆಳಗೂ ಆಗುತ್ತದೆ, ಕಾರಣ ಗೇರಿಂಗ್. ಟರ್ಬೊ (ಎಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು) ಇಲ್ಲದ 1.0 ಎಂಜಿನಿಗೆ ಪಿಕಪ್ ಬರಲೆಂದು ಗಿಡ್ಡ ಗೇರು ಕೊಟ್ಟಿರುತ್ತಾರೆ, 100ರಲ್ಲಿ ಅದು ಮೂರೂವರೆ ಸಾವಿರ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಹತ್ತಿರ ಕಿರುಚುತ್ತಿರಬಹುದು. ಆರನೇ ಗೇರಿರುವ 1.5 ಅದೇ ಸ್ಪೀಡಿಗೆ ಎರಡೂವರೆ ಸಾವಿರದಲ್ಲಿ ಆರಾಮಾಗಿರುತ್ತದೆ. ಹಾಗಾಗಿ ಟೆಸ್ಟ್ ಡ್ರೈವ್‌ಗೆ ಹೋದಾಗ ಟಾಪ್ ಗೇರಿನಲ್ಲಿ 100ಕ್ಕೆ ಆರ್‌ಪಿಎಂ ಎಷ್ಟು ಅಂತ ನೋಡಿ. ಬ್ರೋಷರಿನ ಸಿಸಿಗಿಂತ ಆ ಒಂದು ಅಂಕಿ ಹೆಚ್ಚು ಹೇಳುತ್ತದೆ. ಅಂದಹಾಗೆ 1.2 ಅನ್ನುವ ಎಂಜಿನ್‌ಗಳೆಲ್ಲ 1197, 1199 ಸಿಸಿಯಲ್ಲೇ ನಿಲ್ಲುವುದಕ್ಕೆ ಕಾರಣ ತಂತ್ರಜ್ಞಾನ ಅಲ್ಲ, ತೆರಿಗೆ. ಸಣ್ಣ ಪೆಟ್ರೋಲ್ ಕಾರು ಅನ್ನಿಸಿಕೊಳ್ಳುವ ಗೆರೆ 1200 ಸಿಸಿ ಮತ್ತು 4 ಮೀಟರ್ ಉದ್ದ.

1.0 ಟರ್ಬೊ ಬೇರೆ ಜಾತಿ. ಹಗುರ ಕಾಲಿಟ್ಟರೆ ಸಣ್ಣ ಎಂಜಿನ್, ಒತ್ತಿದರೆ 1.5ರ ತಾಕತ್ತು, ಒತ್ತಿದಾಗ 1.5ರಷ್ಟೇ ಹಸಿವು. ಐದು ಜನ, ಡಿಕ್ಕಿ ತುಂಬ ಲಗೇಜು, ಖಂಡಾಳ ಏರು ಅಂದಾಗ ಎಂಜಿನ್ ತಣ್ಣಗಿರಲೆಂದು ಕಂಪ್ಯೂಟರು ಹೆಚ್ಚುವರಿ ಪೆಟ್ರೋಲ್ ಸುರಿಯುವುದೂ ಉಂಟು. ಜಾಹೀರಾತಿನ ಅಂಕಿಯಲ್ಲಿ ಇದು ಕಾಣುವುದಿಲ್ಲ. ಆ ಅಂಕಿ ತೆಗೆಯುವ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ನಿಮ್ಮ ಪುಣೆಯಲ್ಲೇ, ಕೋಥ್ರೂಡ್ ಬಳಿಯ ಗುಡ್ಡದ ಮೇಲಿದೆ. ಅಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಆಫ್ ಮಾಡಿ, ಗೊತ್ತುಪಡಿಸಿದ ಕ್ರಮದಲ್ಲಿ ಓಡಿಸುತ್ತಾರೆ. ಗರಿಷ್ಠ ವೇಗ 90. ಎರಡು ಕಾರು ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ, ನಿಮ್ಮ ಜೇಬಿನ ಖರ್ಚು ಲೆಕ್ಕಹಾಕಲು ಅಲ್ಲ.

ಸಿಸಿಗಿಂತ ಮೊದಲು ಬಾಡಿ ನೋಡಿ. ಗಾಳಿಗೆ ತಾಗುವುದು ಕಾರಿನ ಮುಖ. ಒಂದೇ 1.2 ಎಂಜಿನ್ ಹ್ಯಾಚ್‌ಬ್ಯಾಕ್‌ನಲ್ಲೂ ಎತ್ತರದ ಎಸ್‌ಯುವಿಯಲ್ಲೂ ಇದ್ದರೆ ಊರೊಳಗೆ ಹೆಚ್ಚು ವ್ಯತ್ಯಾಸ ಕಾಣದು, 100ರಲ್ಲಿ ಎಸ್‌ಯುವಿ ಸೋಲುತ್ತದೆ. ಮೇಲೆ ಕ್ಯಾರಿಯರ್ ಕಟ್ಟಿದ್ದರೆ ಕೆಲಸವಿಲ್ಲದಾಗ ಬಿಚ್ಚಿಡಿ. 20 ಶೇಕಡಾ ಎಥನಾಲ್ ಬೆರೆಸಿದ ಇ20 ಪೆಟ್ರೋಲಿನಲ್ಲಿ ಲೀಟರಿಗೆ ಶಕ್ತಿಯೇ 6–7 ಶೇಕಡಾ ಕಡಿಮೆ, ಹಾಗಾಗಿ ಹಳೆಯ ರಿವ್ಯೂಗಳ ಅಂಕಿಯಿಂದ ಅಷ್ಟು ಕಳೆದೇ ಓದಿ. ಡೀಸೆಲ್‌ಗೆ ಥ್ರಾಟಲ್ ನಷ್ಟ ಇಲ್ಲ, ಲೀಟರಿಗೆ ಶಕ್ತಿಯೂ ಹೆಚ್ಚು; ಆದರೆ ವಾಕಡ್–ಹಿಂಜವಡಿಯ ಗಿಡ್ಡ ಓಡಾಟದಲ್ಲಿ ಅದರ ಸೈಲೆನ್ಸರ್ ಫಿಲ್ಟರು ಮಸಿಯಿಂದ ಕಟ್ಟಿಕೊಳ್ಳುತ್ತದೆ. ನಿಮಗೆ ಬೇಡ.

ಬ್ರೇಕಿನ ಲೆಕ್ಕವೊಂದು ಉಳಿಯಿತು. 100ರಿಂದ ಪೂರ್ತಿ ನಿಲ್ಲಿಸಿ ಮತ್ತೆ 100ಕ್ಕೆ ತಂದರೆ ಸುಮಾರು 50 ಮಿ.ಲೀ. ಪೆಟ್ರೋಲ್ ಬ್ರೇಕಿನ ಬಿಸಿಯಾಗಿ ಹೋಯಿತು ಅಂತ ತಿಳಿಯಿರಿ, 50ರಿಂದ ಆದರೆ 12 ಮಿ.ಲೀ. ಖಾಲಾಪುರ, ತಳೇಗಾಂವ್ ಟೋಲ್ ಕಂಡ ಕೂಡಲೇ ಗೇರಿನಲ್ಲೇ ಕಾಲೆತ್ತಿ ಉರುಳಿಸಿಕೊಂಡು ಹೋಗಿ.

ನಿಮ್ಮ ಓಡಾಟಕ್ಕೆ ನಾನಾದರೆ ಟರ್ಬೊ ಇಲ್ಲದ 1.2, ಮ್ಯಾನ್ಯುವಲ್, ಹ್ಯಾಚ್‌ಬ್ಯಾಕ್ ಅನ್ನುತ್ತೇನೆ. ಪ್ರತಿ ಸಲ ನಾಲ್ಕೈದು ಜನ ಘಾಟ್ ಹತ್ತುವವರಾದರೆ 1.0 ಟರ್ಬೊ. 1.5 ಬೇಕಾಗುವುದು ಕಾರೇ ದೊಡ್ಡದಿದ್ದಾಗ. ಕೊಂಡ ಮೇಲೆ ಡಿಸ್‌ಪ್ಲೇ ತೋರಿಸುವ ಮೈಲೇಜ್ ನೆಚ್ಚಬೇಡಿ. ಪಂಪ್‌ನಲ್ಲಿ ನಳಿಕೆ ತಾನೇ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಸೊನ್ನೆ ಮಾಡಿ, ಕನಿಷ್ಠ 300 ಕಿ.ಮೀ. ಓಡಿಸಿ ಅದೇ ಪಂಪ್‌ನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಲು ಹುಡುಗ ಒತ್ತುತ್ತಾನೆ, ಬೇಡ ಅನ್ನಿ. ಹಾಗೆ ಮೂರು ಸಲದ ಸರಾಸರಿ. ಹುಬ್ಬಳ್ಳಿಗೆ ಹೋಗುವಾಗ ಒಮ್ಮೆ 80–85ರಲ್ಲಿ, ಇನ್ನೊಮ್ಮೆ 100ರಲ್ಲಿ ಹೋಗಿಬಂದು ಈ ಲೆಕ್ಕ ಹಾಕಿ ನೋಡಿ. ಎರಡೂ ಸಲ ಹೊರಡುವ ಮೊದಲು, ಟೈರು ತಣ್ಣಗಿರುವಾಗ, ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿರುವಷ್ಟು ಗಾಳಿ ಹಾಕಿಸಿರಬೇಕು, ಇಲ್ಲದಿದ್ದರೆ ಹೋಲಿಕೆ ಸುಳ್ಳಾಗುತ್ತದೆ.